ಒಂದು ‘ಬಹುದು’ ಮತ್ತು ನಮ್ಮ ತಕ್ಕದ್ದು ಮೇಷ್ಟ್ರು

ಕಾನೂನಿನ ಕನ್ನಡವೆಂದರೆ ಕಬ್ಬಿಣದ ಕಡಲೆಯೆಂದು ಓದುಬಲ್ಲವರೂ ಮೂಗು ಮುರಿಯುತ್ತಿದ್ದ ದಿನಗಳಲ್ಲಿ, ಅಧಿನಿಯಮದ ಕಲಮೊಂದನ್ನು ಬಸ್ಸಿಗೆ ಕಾಯುತ್ತ ನಿಂತವರಿಗೂ ಅರ್ಥವಾಗುವಂತೆ ಬರೆಯಲು ಸಾಧ್ಯವೆಂದು ತೋರಿಸಿಕೊಟ್ಟವರಲ್ಲಿ, ನಮ್ಮ ಭಾಷಾಂತರ ಶಾಖೆಯ ಹಿರಿಯ ಭಾಷಾಂತರಕಾರರಾಗಿ ಈ ತಿಂಗಳು ನಿವೃತ್ತರಾಗುತ್ತಿರುವ ಮೇಷ್ಟ್ರು ಅಗ್ರಗಣ್ಯರು. ಸಾಹಿತ್ಯ, ಕಾನೂನು, ರಾಜಕೀಯ ಸುಧಾರಣೆಗಳನ್ನು ಬೇರೆ ಬೇರೆ ಕಪಾಟಿನಲ್ಲಿಟ್ಟು ಬೀಗ ಹಾಕುವ ವಿದ್ವಾಂಸರ ನಡುವೆ, ಇವು ಮೂರೂ ಒಡಹುಟ್ಟಿದವು ಎಂದು ಮೂವತ್ತು ವರ್ಷ ಹಟ ಹಿಡಿದು ವಾದಿಸಿದವರು ಅವರು. ಅವರ ಬಗ್ಗೆ ಬರೆಯಲು ಈ ಬೀಳ್ಕೊಡುಗೆ ಸಂಚಿಕೆಯ ಸಂಪಾದಕರು ನನಗೆ ನಾಲ್ಕು ಪುಟ ಕೊಟ್ಟಿದ್ದಾರೆ. ಹೊಗಳಿಕೆಗೆ ಮೂರು ಸಾಕು, ನಾಲ್ಕನೆಯದರಲ್ಲಿ ನನ್ನ ಕೆಲಸವೊಂದಿದೆ.

ಶಾಖೆಗೆ ಬರುವ ಮುನ್ನ ಅವರು ಕಾಲೇಜಿನಲ್ಲಿ ಎಂಟು ವರ್ಷ ಸಾಹಿತ್ಯ ಪಾಠ ಮಾಡಿದ್ದರು. ಹಾಗಾಗಿ ಹುದ್ದೆ ಬದಲಾದರೂ ‘ಮೇಷ್ಟ್ರು’ ಎಂಬ ಹೆಸರು ಬೆನ್ನು ಬಿಡಲಿಲ್ಲ. ‘ತಕ್ಕದ್ದು’ ಸೇರಿಕೊಂಡದ್ದು ಅವರ ಮಗಳ ಮದುವೆಯ ಕಾಲದಲ್ಲಿ. ಕಾಯಿದೆಯಲ್ಲಿ ಕಡ್ಡಾಯವಾದದ್ದಕ್ಕೆಲ್ಲ ‘ಮಾಡತಕ್ಕದ್ದು’, ‘ಕೊಡತಕ್ಕದ್ದು’ ಎಂದೇ ಬರೆಯಬೇಕಲ್ಲವೇ? ಆ ಅಭ್ಯಾಸಬಲದಿಂದ ಪುಣ್ಯಾತ್ಮರು ಆಮಂತ್ರಣ ಪತ್ರಿಕೆಯ ಕರಡಿನಲ್ಲೂ ‘ಸಕುಟುಂಬ ಸಮೇತರಾಗಿ ಬರತಕ್ಕದ್ದು’ ಎಂದು ಬರೆದುಬಿಟ್ಟರು. ಅವರ ಶ್ರೀಮತಿಯವರು ಆ ಕರಡನ್ನು ಹಿಡಿದು, “ಏನ್ರೀ ಇದು, ಮದುವೆಗೆ ಕರೀತಿದೀರೋ, ಕೋರ್ಟಿಗೆ ಕರೀತಿದೀರೋ?” ಎಂದು ಕೇಳಿದ ಮಾತು ಮರುದಿನವೇ ಕಚೇರಿಗೆ ಬಂತು. ತಂದವರು ಸ್ವತಃ ಮೇಷ್ಟ್ರೇ, ನಗುತ್ತ.

ಶನಿವಾರದ ಊಟದ ಬಳಿಕ ಕಡತಗಳನ್ನು ಬದಿಗೆ ಸರಿಸಿ ಅವರು ನಮಗೆ ನಡೆಸುತ್ತಿದ್ದ ಪಾಠಗಳನ್ನು ಯಾವ ವಿಶ್ವವಿದ್ಯಾಲಯವೂ ಕೊಡಲಾರದು. “ಕಲ್ಲಿನ ಮೇಲೆ ಕೆತ್ತಿದ್ದೂ ಶಾಸನ, ಸದನ ಮಾಡಿದ್ದೂ ಶಾಸನ. ನಮ್ಮ ಭಾಷೆಗೆ ಇದು ಮೊದಲೇ ಗೊತ್ತಿತ್ತು ನೋಡಿ” ಎಂದು ಶುರುಮಾಡುವರು. ಅರಸನ ಕಾಲದ ಬರಹದಲ್ಲಿ ಪ್ರಜೆಗೆ ಏನು ಸಿಕ್ಕರೂ ಅದು ‘ದಯಪಾಲಿಸಿದ್ದು’. ಮುಂದಿನ ಶತಮಾನಗಳ ಅರ್ಜಿಗಳಲ್ಲಿ ಅದೇ ಪ್ರಜೆ ‘ಬೇಡುತ್ತೇನೆ’ ಎನ್ನುತ್ತಾನೆ, ಆಮೇಲೆ ಮೆಲ್ಲಗೆ ‘ಕೇಳುತ್ತೇನೆ’ ಎನ್ನುತ್ತಾನೆ, ಮತದ ಪೆಟ್ಟಿಗೆ ಬಂದ ಮೇಲೆ ‘ಸಿಗಬೇಕು’ ಎಂದು ದನಿ ಏರಿಸುತ್ತಾನೆ. ಈ ಒಂದೊಂದು ಕ್ರಿಯಾಪದ ಬದಲಾಗುವ ಮೊದಲೂ ಯಾರೋ ಹಾಡು ಕಟ್ಟಿದ್ದರು, ಕತೆ ಬರೆದಿದ್ದರು, ಅದನ್ನು ಓದಿದವರಿಗೆ ತಮ್ಮ ಮನೆಯ ಆಳನ್ನು ನೋಡಿ ನಾಚಿಕೆಯಾಗಿತ್ತು ಎನ್ನುವುದು ಮೇಷ್ಟ್ರ ಸಿದ್ಧಾಂತ. “ಮೊದಲು ಕತೆಗಾರ ಅಳಿಸ್ತಾನೆ, ಆಮೇಲೆ ಸದನದಲ್ಲಿ ಜಗಳ ಆಗತ್ತೆ, ಕೊನೆಗೆ ನಮ್ಮ ಮೇಜಿಗೆ ಬರತ್ತೆ. ಮೂರು ತಲೆಮಾರಿನ ಕಣ್ಣೀರು ಬಂದು ಕೂರೋದು ಒಂದು ಕ್ರಿಯಾಪದದ ಮೇಲೆ, ಹುಷಾರು!” ಎನ್ನುವರು. ಇದೇ ವಿಚಾರವನ್ನು ವಿಸ್ತರಿಸಿ ಅವರು ಬರೆಯುತ್ತಿರುವ ಗ್ರಂಥ ಹನ್ನೊಂದು ವರ್ಷದಿಂದ ಹತ್ತನೆಯ ಅಧ್ಯಾಯದಲ್ಲೇ ನಿಂತಿದೆ.

ನಾನು ಶಾಖೆಗೆ ಸೇರಿದ್ದು ಇಪ್ಪತ್ತೆರಡು ವರ್ಷದ ಹಿಂದೆ, ಖಾಯಮಾಗದ ಕಿರಿಯ ಭಾಷಾಂತರಕಾರ್ತಿಯಾಗಿ. ಕಾದಂಬರಿ ಓದಿ ಓದಿ ನನ್ನ ತಲೆಯಲ್ಲಿ ಶೈಲಿಯ ಹುಳು ಹೊಕ್ಕಿತ್ತು. ಮೇಷ್ಟ್ರ ಕೆಂಪು ಪೆನ್ಸಿಲ್ ನನ್ನ ವಿಶೇಷಣಗಳನ್ನು ಕಳೆ ಕಿತ್ತ ಹಾಗೆ ಕೀಳುತ್ತಿತ್ತು. ಹೊಗಳಿಕೆಯಲ್ಲಿ ಅವರು ಮಹಾ ಜಿಪುಣರು. “ಹೂಂ, ಪರವಾಗಿಲ್ಲ” ಎಂದರೆ ಆ ದಿನ ನಮಗೆ ಪದವಿ ಪ್ರದಾನವಾದಂತೆ. ಹಾಗಿದ್ದೂ, ನನ್ನ ತಾಯಿ ಆಸ್ಪತ್ರೆಯಲ್ಲಿದ್ದ ಮೂರು ವಾರ ನನ್ನ ಪಾಲಿನ ಕಡತಗಳನ್ನು ಯಾರಿಗೂ ಹೇಳದೆ ಮುಗಿಸಿಟ್ಟವರು ಅವರೇ.

ಆ ವರ್ಷ ಸದನದ ಮುಂದೆ ಬಂದದ್ದು ಗಿರಣಿ ಕಾರ್ಮಿಕರ ವಸತಿ ಮಸೂದೆ. ದುಡಿಯುವಾತ ತೀರಿಕೊಂಡರೆ ಅವನ ಮನೆಯವರನ್ನು ಬೀದಿಗೆ ಹಾಕುತ್ತಿದ್ದ ಹಳೆಯ ಪದ್ಧತಿಯನ್ನು ಅದು ತೊಡೆದುಹಾಕಬೇಕಿತ್ತು. ಅದರ ಏಳನೆಯ ಕಲಮಿನಲ್ಲಿ ಒಂದರ ಕೆಳಗೊಂದರಂತೆ ನಾಲ್ಕು ಸಾಲು ‘ಕೊಡತಕ್ಕದ್ದು’ ಎಂದೇ ಮುಗಿಯುತ್ತಿದ್ದವು. ಓದಿದರೆ ಸುತ್ತಿಗೆಯ ಸದ್ದು. ಶುದ್ಧಪ್ರತಿ ತೆಗೆಯುತ್ತಿದ್ದ ನನಗೆ ಆ ಪುನರುಕ್ತಿ ಕಿವಿಗೆ ಹಿತವೆನಿಸಲಿಲ್ಲ. ಲಯ ಕೂಡಿಬರಲೆಂದು ಕೊನೆಯದನ್ನು ‘ಕೊಡಬಹುದು’ ಎಂದು ಬದಲಿಸಿದೆ. ಅಯ್ಯೋ ನನ್ನ ಬುದ್ಧಿಯೇ! “ನೀನು ನೋಡಿದೀಯಲ್ಲಮ್ಮ, ಸಾಕು” ಎಂದು ಮೇಷ್ಟ್ರು ಅದೊಂದು ಸಲ ನನ್ನನ್ನು ನಂಬಿ ಸಹಿ ಹಾಕಿದರು. ಆ ಕೊನೆಯ ಸಾಲು ವಿಧವೆಯರಿಗೆ ಮನೆ ಕೊಡುವ ಸಾಲಾಗಿತ್ತು.

ಕಾಯಿದೆ ಅಚ್ಚಾದ ಎಂಟನೆಯ ತಿಂಗಳಲ್ಲಿ ಒಬ್ಬ ಹೆಂಗಸು ನಮ್ಮ ಕೋಣೆಗೆ ಬಂದರು. ಗಂಡ ನೇಯ್ಗೆ ಮಗ್ಗದ ಮುಂದೆಯೇ ಕುಸಿದು ತೀರಿಕೊಂಡಿದ್ದ. ಕೈಯಲ್ಲಿ ಏಳನೆಯ ಕಲಮಿದ್ದ ಹಾಳೆ, ಮಡಿಸಿ ಮಡಿಸಿ ಸವೆದಿತ್ತು.

“ವಸತಿ ಸಾಹೇಬ್ರು, ‘ಕೊಡಬಹುದು’ ಅಂದ್ರೆ ಕೊಡದೇನೂ ಇರಬಹುದು ಅಂತಾರೆ. ತಿಂಗಳ ಕೊನೇಲಿ ಬೀಗ ಹಾಕ್ತಾರಂತೆ. ಇದನ್ನ ಬರೆದೋರು ಇಲ್ಲೇ ಇದಾರೆ ಅಂದ್ರು, ಕೇಳಿಕೊಂಡು ಹೋಗೋಣ ಅಂತ ಬಂದೆ. ಅದು ಹಾಗೇನಾ ಸಾರ್?”

ಮೇಷ್ಟ್ರು ಮೂಲ ಕರಡನ್ನು ತರಿಸಿ, ಶುದ್ಧಪ್ರತಿಯ ಪಕ್ಕದಲ್ಲಿಟ್ಟು ಬೆರಳಿಟ್ಟು ಓದಿದರು. ನನ್ನ ಅಕ್ಷರ ಅವರಿಗೆ ಗೊತ್ತಿಲ್ಲವೇ? ಅವರು ನನ್ನತ್ತ ತಿರುಗಿಯೂ ನೋಡದೆ, “ಹಾಗಲ್ಲ ತಾಯಿ. ಇದು ನಮ್ಮ ತಪ್ಪು. ನೀವು ಮನೆ ಬಿಡಬೇಡಿ” ಎಂದರು.

ಸಂಗತಿ ತಿಳಿದ ನಮ್ಮ ಶಾಖೆಯ ನಿರ್ದೇಶಕರು ಮೇಷ್ಟ್ರನ್ನು ಕರೆಸಿ, “ಅಚ್ಚಾಗಿ ಹೋಗಿದೆ, ತಪ್ಪು ಅಂತ ಮೇಲಿನೋರ ಕಣ್ಣಿಗೆ ಬಿದ್ದಿಲ್ಲ. ಮುಂದಿನ ವರ್ಷ ಈ ಕುರ್ಚಿಗೆ ನೀವೇ ಬರೋರು. ಸುಮ್ಮನೆ ಹುತ್ತಕ್ಕೆ ಯಾಕೆ ಕೈ ಹಾಕ್ತೀರಿ?” ಎಂದು ಬುದ್ಧಿ ಹೇಳಿದರಂತೆ. ಮೇಷ್ಟ್ರು ಹೊರಗೆ ಬಂದು ಎರಡೇ ಸಾಲಿನ ಟಿಪ್ಪಣಿ ಬರೆದರು: ಏಳನೆಯ ಕಲಮಿನಲ್ಲಿ ಪದದೋಷವಾಗಿದೆ, ದೋಷ ನನ್ನದು, ತಿದ್ದುಪಡಿಗೆ ಸದನದ ಮುಂದಿಡತಕ್ಕದ್ದು. ನಾನು ಅಳುತ್ತ, “ಸಾರ್, ನಾನೇ ಮಾಡಿದ್ದು ಅಂತ ಹೇಳ್ತೀನಿ” ಎಂದೆ.

“ನೀನಿನ್ನೂ ಖಾಯಂ ಆಗಿಲ್ಲ. ಹೇಳಿದ್ರೆ ನಾಳೆ ಮನೆಗೆ ಕಳಿಸ್ತಾರೆ, ನಿಮ್ಮಮ್ಮನ್ನ ಯಾರು ನೋಡ್ತಾರೆ? ಸಹಿ ನನ್ನದು ತಾನೇ? ಮೂಗು ಒರೆಸ್ಕೊಂಡು ಕೂತ್ಕೋ, ತಿದ್ದುಪಡಿ ನೀನೇ ಬರಿ” ಎಂದರು.

ಆಮೇಲಿನ ಐದು ತಿಂಗಳು ಪ್ರತಿ ಸೋಮವಾರ ಅವರು ವಸತಿ ಕಚೇರಿಗೆ ಖುದ್ದಾಗಿ ಹೋಗಿ, ಬೀಗ ಹಾಕದಂತೆ ಮನವಿ ಕೊಟ್ಟು, ಸ್ವೀಕೃತಿಯ ಮುದ್ರೆ ಒತ್ತಿಸಿಕೊಂಡೇ ಬರುತ್ತಿದ್ದರು. ಅಧಿವೇಶನದ ಕೊನೆಯ ದಿನ ಒಂದೇ ಪದದ ತಿದ್ದುಪಡಿ ಅಂಗೀಕಾರವಾಯಿತು. ಆ ಹೆಂಗಸಿನ ಮನೆ ಉಳಿಯಿತು, ಅವರ ಸಾಲಿನ ಇನ್ನೂ ಹತ್ತೊಂಬತ್ತು ಮನೆಗಳು ಉಳಿದವು. ಮೇಷ್ಟ್ರ ಸೇವಾ ಪುಸ್ತಕದಲ್ಲಿ ‘ನಿಷ್ಕಾಳಜಿ’ ಎಂಬ ಷರಾ ಬಿತ್ತು. ಮರುವರ್ಷ ನಿರ್ದೇಶಕರ ಕುರ್ಚಿಗೆ ಅವರಿಗಿಂತ ಆರು ವರ್ಷ ಕಿರಿಯರು ಬಂದರು. ಅವರ ನಂತರ ಮತ್ತಿಬ್ಬರು ಬಂದರು, ಮೇಷ್ಟ್ರು ಮಾತ್ರ ಅದೇ ಕಿಟಕಿಯ ಪಕ್ಕದ ಮೇಜಿನಲ್ಲಿ ಉಳಿದರು.

ನಾನು ಖಾಯಮಾದೆ, ಬಡ್ತಿ ಪಡೆದೆ, ಇಂದು ಅದೇ ನಿರ್ದೇಶಕರ ಕುರ್ಚಿಯಲ್ಲಿ ಕುಳಿತಿದ್ದೇನೆ. ಹೇಳಿಬಿಡಬೇಕೆಂದು ಹೊರಟಾಗಲೆಲ್ಲ ಅವರು, “ಮುಗಿದ ಕಡತ ಕಣಮ್ಮ, ತೆಗೀಬೇಡ” ಎಂದು ಬಾಯಿ ಮುಚ್ಚಿಸಿದರು. ನಾನೂ, ನಾಚಿಕೆಬಿಟ್ಟು ಹೇಳುತ್ತೇನೆ, ಅಷ್ಟಕ್ಕೇ ಸುಮ್ಮನಾಗುವುದನ್ನು ಕಲಿತೆ. ಮುಚ್ಚಿದ ಬಾಯಿಯನ್ನು ಈ ನಾಲ್ಕನೆಯ ಪುಟದಲ್ಲಿ ತೆರೆಯುತ್ತಿದ್ದೇನೆ. ಏಳನೆಯ ಕಲಮಿನ ‘ಬಹುದು’ ನನ್ನದು. ಮೇಷ್ಟ್ರ ಸೇವಾ ಪುಸ್ತಕದ ಆ ಷರಾ ನನಗೆ ಸೇರಬೇಕಾದದ್ದು. ಅದನ್ನು ಹೊಡೆದುಹಾಕಿ ನನ್ನ ಪುಸ್ತಕದಲ್ಲಿ ಬರೆಯಬೇಕೆಂದು ನಿನ್ನೆ ಸರ್ಕಾರಕ್ಕೆ ಬರೆದುಕೊಟ್ಟಿದ್ದೇನೆ, ಸ್ವೀಕೃತಿಯ ಮುದ್ರೆಯನ್ನೂ ಒತ್ತಿಸಿಕೊಂಡಿದ್ದೇನೆ. ಈ ಪುಟದ ಕರಡನ್ನು ಮಾತ್ರ ಮೇಷ್ಟ್ರಿಗೆ ತೋರಿಸಕೂಡದೆಂದು ಸಂಪಾದಕರಿಂದ ಮಾತು ತೆಗೆದುಕೊಂಡಿದ್ದೇನೆ. ಕೆಂಪು ಪೆನ್ಸಿಲಿಗೆ ಸಿಕ್ಕರೆ ಇದರಲ್ಲಿ ಒಂದಕ್ಷರವೂ ಉಳಿಯದು.

ಇನ್ನು ಹಾರೈಕೆ. ಇಂಥ ಲೇಖನಗಳ ಕೊನೆಯಲ್ಲಿ ಏನು ಬರೆಯುತ್ತಾರೆಂಬುದು ನನಗೆ ಗೊತ್ತು, ಆದರೆ ನಾನು ಕಲಿತ ಕನ್ನಡ ಬೇರೆ. ಮೇಷ್ಟ್ರು ಹತ್ತನೆಯ ಅಧ್ಯಾಯವನ್ನು ಮುಗಿಸತಕ್ಕದ್ದು. ಶನಿವಾರ ಊಟದ ಬಳಿಕ ಬಂದು ನಮ್ಮನ್ನು ಬೈಯತಕ್ಕದ್ದು. ನೂರು ವರ್ಷ ಬಾಳತಕ್ಕದ್ದು. ಒಂದೇ ಪದ ಮೂರು ಸಲ ಬಂತು ಮೇಷ್ಟ್ರೇ. ಈ ಸಲ ನಾನು ಬದಲಿಸಿಲ್ಲ.