ಸಿಡಿಯದ ಕುಳಿ

ನಾಲೆ ತೋಡಲು ಬಂಡೆ ಒಡೆಯುವ ಕೆಲಸಕ್ಕೆ ನನ್ನ ಗಂಡನನ್ನು ಕಳಿಸಿದವರು ಅವರ ಅಣ್ಣ, ನನ್ನ ಭಾವ. ಹೊಳಲು ಊರಿನ ನಮ್ಮ ಹೊಲ ಮಳೆಯನ್ನೇ ನೆಚ್ಚಿಕೊಂಡಿತ್ತು. ಅದರ ರಾಗಿ ಎರಡು ಸಂಸಾರಕ್ಕೆ ಸಾಲುತ್ತಿರಲಿಲ್ಲ. "ನೀನು ಒರಗೆ ದುಡಿ ಕಣ್ಲಾ, ಒಲ ನಾನ್ ನೋಡ್ಕತೀನಿ. ನಿನ್ ಪಾಲು ಎಲ್ಲೂ ಓಗಾಕಿಲ್ಲ" ಅಂದರು ಭಾವ. ಅಣ್ಣ ಹೇಳಿದ್ದೇ ಸರಿ ಎಂದು ಇವರು ಹೊರಟರು.

ಇವರ ಕೆಲಸ ಬಂಡೆಯಲ್ಲಿ ಕುಳಿ ಕೊರೆದು, ಮದ್ದು ತುಂಬಿ, ಬತ್ತಿ ಹಚ್ಚಿ ಓಡುವುದು. ಸಿಡಿತದ ಸದ್ದಿಗೆ ಕಿವಿ ಆಗಲೇ ಮಂದವಾಗಿತ್ತು. ಮನೆಯಲ್ಲಿ ಮಗು ಅತ್ತರೂ ಕೇಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ನಾನು ಇವರ ಊಟಕ್ಕೆ ಹಿಟ್ಟಿನ ಮುದ್ದೆ ತೆಗೆದುಕೊಂಡು ಹೋಗಿ ದಿಬ್ಬದ ಮೇಲೆ ನಿಂತಿದ್ದೆ. ಬೇರೆ ಕುಳಿಗಳೆಲ್ಲ ಸಿಡಿದವು, ಒಂದು ಸಿಡಿಯಲಿಲ್ಲ. ಬತ್ತಿ ಹಚ್ಚಿ ದಿಬ್ಬಕ್ಕೆ ಓಡಿ ಬಂದಿದ್ದ ಇವರ ಕಿವಿಯ ಬಳಿ ಮೇಸ್ತ್ರಿ, "ಓಗಿ ನೋಡು" ಎಂದ.

"ಒಸಿ ತಡೀರಿ ಸ್ವಾಮಿ, ಒಳಗೆ ಇನ್ನೂ ಬೆಂಕಿ ಇರ್ಬೌದು."

"ಎದ್ರಿಕೆ ಆದ್ರೆ ಮನೇಗೋಗು. ನಿನ್ ಕೆಲ್ಸಕ್ಕೆ ಬೇರೆಯೋರು ಬತ್ತಾರೆ."

ಇವರು ನನ್ನ ಕಡೆ ಒಮ್ಮೆ ನೋಡಿ ಕೆಳಗಿಳಿದರು. ಬೇಡ ಎಂದು ನಾನು ಕೂಗಿದೆ. ಆ ಕಿವಿಗೆ ಅದು ಎಲ್ಲಿ ಕೇಳಬೇಕು? ಇವರು ಬಗ್ಗುತ್ತಿದ್ದಂತೆ ಕುಳಿ ಸಿಡಿಯಿತು.

ಜೀವ ಉಳಿಯಿತು, ಎರಡು ಕಣ್ಣೂ ಹೋದವು. "ಅವನೇ ಅವಸರ ಮಾಡ್ದ" ಎಂದು ಮೇಸ್ತ್ರಿ ಎಲ್ಲರೆದುರು ಹೇಳಿದ. ಜೊತೆಗಾರರು ತಲೆ ತಗ್ಗಿಸಿ ನಿಂತರು. ನಾಳೆ ಅವರಿಗೂ ಕೆಲಸ ಬೇಕಿತ್ತು. ಅದೇ ಮೇಸ್ತ್ರಿಯ ಮುಂದೆ ನಿಂತು ನಾನೂ ಕೂಲಿ ಕೆಲಸ ಕೇಳಿದೆ. ಗಂಡನ ರಕ್ತ ಬಿದ್ದ ಜಾಗದಿಂದಲೇ ಮಂಕರಿಯಲ್ಲಿ ಕಲ್ಲು ಹೊತ್ತೆ.

ನಾಲೆಯಲ್ಲಿ ನೀರು ಬಂತು. ನಮ್ಮ ಹೊಲ ಗದ್ದೆಯಾಯಿತು. ಪಾಲು ಕೇಳಿದಾಗ ಭಾವ ಎಲೆ ಅಡಿಕೆ ಅಗಿಯುತ್ತಾ, "ಕಣ್ಣಿಲ್ದೋನು ಗದ್ದೆ ಇಟ್ಕೊಂಡು ಏನ್ ಮಾಡಾನು ಕಣಮ್ಮ? ಜಗಲೀಲಿ ಬಿದ್ದಿರ್ಲಿ, ಉಣ್ಣಾಕ್ ಇಕ್ತೀನಿ" ಅಂದರು.

"ಬಿದ್ದಿರಾಕೆ ಅವ್ರೇನ್ ನಾಯಾ?" ಎಂದೆ.

ಜಗಲಿಯಲ್ಲಿ ಕೂತಿದ್ದ ಇವರಿಗೆ ನನ್ನ ಕೂಗು ಮಾತ್ರ ಕೇಳಿಸಿರಬೇಕು. "ಬುಡು, ಅಣ್ಣ ಅಲ್ವಾ" ಎಂದರು.

ಆ ದಿನವೇ ಮಕ್ಕಳನ್ನೂ ಇವರನ್ನೂ ಕರೆದುಕೊಂಡು ಮದ್ದೂರಿಗೆ ಹೊರಟೆ. ರಸ್ತೆಗೆ ಜಲ್ಲಿ ಒಡೆದು ಮಕ್ಕಳನ್ನು ಸಾಕಿದೆ. ಇವರು ಗುಡಿಸಲ ಮುಂದೆ ಕೂತು ಹಗ್ಗ ಹೊಸೆಯುತ್ತಿದ್ದರು. ಅಣ್ಣನನ್ನು ಒಂದು ದಿನವೂ ಬೈಯಲಿಲ್ಲ. ಭಾವನ ಮೇಲಿನ ಸಿಟ್ಟು ಹೇಗೋ ಸವೆಯಿತು. ಇವರ ಮೇಲಿನದು ಸವೆದಿಲ್ಲ. ಇವರು ಸತ್ತ ದಿನ ಅತ್ತೆನಾದರೂ ಅದರಲ್ಲಿ ಅರ್ಧ ಸಿಟ್ಟೇ ಇತ್ತು.