ಹನ್ನೊಂದು ತಿಂಗಳ ಬಾಡಿಗೆ

ಬದರೀನಾರಾಯಣಾಚಾರ್ಯರು ಬಾಡಿಗೆಗೆ ಕೊಡುತ್ತಿದ್ದದ್ದು ಕಾಶಿಯ ಜಂಗಮವಾಡಿಯ ಗಲ್ಲಿಯಲ್ಲಿದ್ದ ತಮ್ಮ ಮನೆಯ ಮಹಡಿಯ ಒಂದೇ ಒಂದು ಕೋಣೆ. ಆದರೆ ಅವರ ಷರತ್ತು ಕೇಳಿದರೆ ಅರಮನೆಯನ್ನೇ ಬಿಟ್ಟುಕೊಡುತ್ತಿದ್ದಾರೇನೋ ಅನ್ನಿಸಬೇಕು. ಕರಾರು ಹನ್ನೊಂದು ತಿಂಗಳಿಗೆ. ಮುಗಿದ ದಿನ ಬಾಡಿಗೆದಾರರು ಗಂಟುಮೂಟೆ ಸಮೇತ ಹೊರಗೆ ಹೋಗಬೇಕು. ಆ ರಾತ್ರಿ ಬಾಗಿಲಿಗೆ ಆಚಾರ್ಯರ ಬೀಗ. ಬೇಕಿದ್ದರೆ ಮರುದಿನ ಹೊಸ ಕರಾರಿನ ಮೇಲೆ ಒಳಗೆ ಬರಬಹುದು.

ಇದು ಸುಮ್ಮನೆ ಹುಟ್ಟಿದ ಹಟವಲ್ಲ. ಅವರ ತಂದೆ ಕೆಳಗಿನ ಅಂಗಡಿಯನ್ನು ಹಿತ್ತಾಳೆ ಪಾತ್ರೆಯ ವ್ಯಾಪಾರಿಯೊಬ್ಬನಿಗೆ ಬಾಯಿಮಾತಿನ ಮೇಲೆ ಕೊಟ್ಟಿದ್ದರು. ಆತ ಅಲ್ಲೇ ಬೇರು ಬಿಟ್ಟ. ತಂದೆ ಕೋರ್ಟಿಗೆ ಅಲೆದು ಅಲೆದೇ ತೀರಿಹೋದರು. ವ್ಯಾಪಾರಿಯ ಮೊಮ್ಮಗ ಈಗಲೂ ಅಲ್ಲಿ ಕುಳಿತು ಲೋಟಾ ಮಾರುತ್ತಿದ್ದಾನೆ. ವಾಸವನ್ನು ನಡುನಡುವೆ ತುಂಡರಿಸುತ್ತಿರಿ, ಹಕ್ಕು ಕೇಳಲು ಬಾಯಿ ಬರುವುದಿಲ್ಲ ಎಂದು ಯಾರೋ ವಕೀಲರು ಹೇಳಿದ್ದನ್ನು ಆಚಾರ್ಯರು ವೇದವಾಕ್ಯವೆಂದುಕೊಂಡರು.

ದಕ್ಷಿಣದ ಯಾತ್ರಿಕರಿಗೆ ಶ್ರಾದ್ಧ ಮಾಡಿಸುವುದು ಅವರ ಕಸುಬು. ಕಾಶಿಯ ಗಲ್ಲಿಗೆ ಕರ್ನಾಟಕದಿಂದ ಹೆಣ್ಣು ಕೊಡುವವರು ಸಿಗದೆ ಮದುವೆ ಹಾಗೇ ತಪ್ಪಿಹೋಗಿತ್ತು. ಕನ್ನಡ ಕಿವಿಗೆ ಬೀಳುತ್ತಿದ್ದದ್ದು ಯಾತ್ರಿಕರಿಂದ. ಅವರ ರೈಲು ಹೊರಟರೆ ಅದೂ ಮುಗಿಯಿತು. ಹಾಗಾಗಿ ಹೊಸಪೇಟೆಯ ವಿಧವೆ ಭಾಗೀರಥಮ್ಮ ಕಾಶಿಯಲ್ಲೇ ಕಣ್ಣು ಮುಚ್ಚಬೇಕೆಂದು ಕೋಣೆ ಹುಡುಕಿಕೊಂಡು ಬಂದಾಗ ಅವರ ಜೀವ ತಂಪಾಯಿತು. ಷರತ್ತು ಮಾತ್ರ ಸಡಿಲವಾಗಲಿಲ್ಲ. ಸಾಯಲು ಬಂದವರ ಜೊತೆ ಹನ್ನೊಂದು ತಿಂಗಳ ಕರಾರು ಮಾಡಿಕೊಂಡ ಮಹಾನುಭಾವ ಇವರೊಬ್ಬರೇ ಇರಬೇಕು.

ಭಾಗೀರಥಮ್ಮ ನಕ್ಕು ಒಪ್ಪಿದರು. ಕರಾರು ಮುಗಿದಾಗಲೆಲ್ಲ ಟ್ರಂಕು ಹಿಡಿದು ಗಲ್ಲಿಯ ಕೊನೆಯ ಛತ್ರದಲ್ಲಿ ಮಲಗಿ ಬರುತ್ತಿದ್ದರು. ಉಳಿದ ದಿನ ಸಂಜೆ ಸಾರು ಕುದಿಸಿ ಮೆಟ್ಟಿಲ ಮೇಲಿಂದ ಕೂಗುವರು. ಉಪ್ಪು ಹೆಚ್ಚಾಯಿತೆಂದು ಇವರು, ನಾಲಿಗೆ ಕೆಟ್ಟಿದೆಯೆಂದು ಅವರು, ಊಟ ಮುಗಿಯುವವರೆಗೂ ಕಿತ್ತಾಡುವರು. ಆಚಾರ್ಯರಿಗೆ ದಿನದಲ್ಲಿ ಬೇಕೆನಿಸುತ್ತಿದ್ದದ್ದು ಅದೊಂದೇ ಹೊತ್ತು.

ಈ ಮಾಘದಲ್ಲಿ ಕರಾರು ಮುಗಿದ ದಿನ ಆಕೆ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

“ಆಚಾರ್ರೇ, ಚಳಿ ಭಾಳ ಅದ. ಮೊಣಕಾಲು ಮಡಚಲಿಕ್ಕೆ ಬರವಲ್ದು. ಈ ಸಲ ಇಲ್ಲೇ ಇದ್ದುಬಿಡ್ತೀನಿ.”

“ಒಂದೇ ರಾತ್ರಿ ಅಲ್ಲೇನಮ್ಮ. ನಿಮಗೆ ಬಿಟ್ಟರೆ ನಾಳೆ ಇನ್ನೊಬ್ಬ ಕಿರಾಯೆದಾರ ಕೇಳ್ತಾನೆ.”

ಇನ್ನೊಬ್ಬ ಕಿರಾಯೆದಾರ ಎಲ್ಲಿದ್ದ? ಇದ್ದದ್ದೇ ಒಂದು ಕೋಣೆ. ಮಾತು ಬಾಯಿಂದ ಬೀಳುವಾಗಲೇ ಆಚಾರ್ಯರಿಗೆ ನಾಚಿಕೆಯಾಯಿತು, ಆದರೂ ಪಟ್ಟು ಬಿಡಲಿಲ್ಲ. ಭಾಗೀರಥಮ್ಮ ವಾದಿಸಲಿಲ್ಲ.

“ಆಗಲಿ. ಮುಂಜಾನೆ ನೀವೇ ಬಂದು ಕರಕೊಂಡು ಹೋಗ್ರಿ.”

ಆಚಾರ್ಯರು ಟ್ರಂಕು ಹೊತ್ತು ಛತ್ರದ ಬಾಗಿಲವರೆಗೆ ಬಿಟ್ಟುಬಂದರು.

ಬೆಳಿಗ್ಗೆ ಮಂಜಿನಲ್ಲಿ ಹೋದಾಗ ಛತ್ರದ ಉಸ್ತುವಾರಿ ಗುರುಪ್ರಕಾಶ ಎದುರಾದ. ಮಂಡ್ಯದ ಕಡೆಯವನು, ಈ ಚಳಿಗಾಲದಲ್ಲಿ ಹೊಸದಾಗಿ ಬಂದಿದ್ದ. ಭಾಗೀರಥಮ್ಮ ಗೋಡೆಯ ಪಕ್ಕದ ಚಾಪೆಯ ಮೇಲೆ, ಗುರುತಿಲ್ಲದ ಯಾತ್ರಿಕರ ನಡುವೆ, ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು.

“ನಿಮಗೇನಾಗ್ಬೇಕು ಸ್ವಾಮಿ ಇವ್ರು?” ಎಂದು ಗುರುಪ್ರಕಾಶ ಕೇಳಿದ.

ಮನೆಯ ಮಾಲೀಕ ಎನ್ನಲು ಆಚಾರ್ಯರಿಗೆ ನಾಲಿಗೆ ಏಳಲಿಲ್ಲ. ಅವರು ಬಗ್ಗಿ ಆಕೆಯ ಹೊದಿಕೆ ಸರಿಪಡಿಸಿದರು. ಗುರುಪ್ರಕಾಶ ಮುಂದುವರಿಸಿದ: “ರಾತ್ರಿ ಬಿಸಿ ಹಾಲು ಕೊಟ್ಟೆ. ಬೆಳಿಗ್ಗೆ ನನ್ ತಮ್ಮ ಬಂದು ಮನೆಗೆ ಕರ್ಕೊಂಡ್ ಹೋಗ್ತಾನೆ ಅಂದ್ರು. ಆ ತಮ್ಮ ನೀವೇನಾ?”

“ಹೌದಪ್ಪ,” ಅಂದರು ಆಚಾರ್ಯರು.

ಹೊಸಪೇಟೆಯ ಸಂಬಂಧಿಕರು ಅಲ್ಲೇ ಮುಗಿಸಿಬಿಡಿ ಎಂದು ಫೋನಿನಲ್ಲಿ ಹೇಳಿದರು. ಘಾಟಿನಲ್ಲಿ ಆಚಾರ್ಯರು ಪುರೋಹಿತರ ಜಾಗದಲ್ಲಿ ಕೂರಲಿಲ್ಲ. ಮಂತ್ರ ಹೇಳಲು ಬೇರೊಬ್ಬರನ್ನು ಕರೆದು, ತಾವೇ ಕರ್ಮ ಮಾಡಿದರು. ಪುಣ್ಯವಂತರು, ಕಾಶಿಯಲ್ಲೇ ಮುಕ್ತಿ ಸಿಕ್ಕಿತು ಎಂದು ಎಲ್ಲರೂ ಸಮಾಧಾನ ಹೇಳಿದರು. ಬಂದಬಂದ ಯಾತ್ರಿಕರಿಗೆಲ್ಲ ಅವರೇ ಹೇಳಿಕೊಂಡು ಬಂದಿದ್ದ ಮಾತು ಅದು. ತಮ್ಮ ಪಾಲಿಗೆ ಬಂದಾಗ ಅದು ಒಂದಿಷ್ಟೂ ಕೆಲಸ ಮಾಡಲಿಲ್ಲ. ಸಂಜೆ ಸಾರು ಮಾಡುವವರಿಲ್ಲದ ಮನೆಗೆ ಬಂದು, ಮೆಟ್ಟಿಲ ಕೆಳಗೆ ನಿಂತು, ಅಕ್ಕಾ ಎಂದು ಒಮ್ಮೆ ಕರೆದು ನೋಡಿದರು.