ಅತ್ತೆಯ ಕಣ್ಣು ತಪ್ಪಿಸಿ ಕಡಲ ತಡಿಯಲ್ಲಿ ಸೈಕಲ್

ಯಾವ ಊರಿಗೆ ಹೊರಟರೂ ಅಲ್ಲಿನ ದಾರಿಗಳನ್ನು ಮೊದಲೇ ಡೈರಿಯಲ್ಲಿ ಬರೆದುಕೊಳ್ಳುವುದು ನಮ್ಮ ಮನೆಯವರ ಚಟ. ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ ರಜೆಯಲ್ಲಿ ಬೈಲಹೊಂಗಲದಿಂದ ಗೋಕರ್ಣಕ್ಕೆ ಹೋದಾಗ ಮೂರು ದಾರಿ ಬರೆದುಕೊಂಡಿದ್ದರು. ಒಂದು ತೆಂಗಿನ ತೋಟದ್ದು, ಒಂದು ಗುಡ್ಡದ್ದು, ಒಂದು ಕಡಲ ತಡಿಯದ್ದು. ಮೂರನ್ನೂ ಬಾಡಿಗೆ ಸೈಕಲ್ ಮೇಲೆ ನೋಡಬೇಕಂತೆ.

ನನಗೆ ಕಡಲ ತಡಿಯದೊಂದೇ ಸಾಕಿತ್ತು. ನೇಸರಗಿಯ ತವರಿನಲ್ಲಿ ಅಣ್ಣನ ಸೈಕಲ್ ಕದ್ದು ಒಳಪೆಡಲ್ ಹೊಡೆದವಳು ನಾನು. ಮದುವೆಯಾದ ಮೇಲೆ ಹದಿನಾಲ್ಕು ವರ್ಷ ಸೀಟು ಮುಟ್ಟಿರಲಿಲ್ಲ. ಅತ್ತೆಯ ಎದುರು ಸೊಸೆ ಸೈಕಲ್ ಹತ್ತಿದರೆ ನಮ್ಮ ಓಣಿಗೆ ವರ್ಷಕ್ಕಾಗುವಷ್ಟು ಮಾತು. ಪರ ಊರಿನಲ್ಲಾದರೂ ಒಮ್ಮೆ ಹೊಡೆಯಬೇಕೆಂಬ ಆಸೆ ಎದೆಯಲ್ಲಿ ಕುದಿಯುತ್ತಿತ್ತು. ಆದರೆ ಅತ್ತೆಯೂ ರೊಟ್ಟಿಯ ಗಂಟು, ಶೇಂಗಾ ಚಟ್ನಿ ಸಮೇತ ನಮ್ಮೊಡನೆ ಬಂದಿದ್ದರು.

ಬೆಳಿಗ್ಗೆ ಅತ್ತೆ ಗುಡಿಗೆ ಹೋದದ್ದೇ ತಡ, ನಾವು ಎರಡು ಸೈಕಲ್ ತೆಗೆದುಕೊಂಡು ತಡಿಗೆ ಓಡಿದೆವು. ನನ್ನದು ನಡುವೆ ದಂಡವಿಲ್ಲದ ಲೇಡೀಸ್ ಸೈಕಲ್. ಸೀರೆಯ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಕಣ್ಣು ಕುಕ್ಕುವ ಬಿಸಿಲು. ನೀರಿನ ಅಂಚಿಗೆ ಕಪ್ಪಗೆ ಹಸಿ ಉಸುಕು, ಈಚೆಗೆ ಬೆಳ್ಳಗೆ ಒಣ ಉಸುಕು.

"ಹಸೀದರ ಮ್ಯಾಲ ಹೋಗಬ್ಯಾಡ. ಗಾಲಿಗೆ ಮೆತ್ತತೈತಿ" ಎಂದರು ಇವರು.

ಹೇಳಬೇಕೇ? ಎರೆಮಣ್ಣಿನಲ್ಲಿ ಹುಟ್ಟಿ ಬೆಳೆದವರು ನಾವು. ಅದು ಒಣಗಿದರೆ ಕಲ್ಲು; ಹಸಿಯಾದರೆ ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು, ನಮ್ಮನ್ನು ಹೊರಬೇಕಾದ ಸೈಕಲ್ಲನ್ನು ನಾವೇ ಹೊರುವಂತೆ ಮಾಡುತ್ತದೆ. ಮಣ್ಣು ಕೆತ್ತಲು ಬೇಕಾದೀತೆಂದು ಇವರು ಕ್ಯಾರಿಯರಿಗೆ ಒಂದು ಕಟ್ಟಿಗೆಯನ್ನೂ ಸಿಕ್ಕಿಸಿಕೊಂಡಿದ್ದರು. ಜಾಣತನಕ್ಕೆ ನಮ್ಮಲ್ಲಿ ಬರವಿಲ್ಲ.

ಒಣ ಉಸುಕಿಗೆ ಇಳಿದೆವು. ಎರಡು ಪೆಡಲ್ ತುಳಿಯುವುದರೊಳಗೆ ಮುಂದಿನ ಗಾಲಿ ಹೂತು, ನಾನು ಹ್ಯಾಂಡಲ್ ಅಪ್ಪಿಕೊಂಡು ಬಿದ್ದೆ. ಎದ್ದೆ, ಹತ್ತಿದೆ, ಬಿದ್ದೆ. ಇವರು ನನ್ನನ್ನು ಎತ್ತಲು ಬಂದು ತಾವೂ ಬಿದ್ದರು. ಅರ್ಧ ಗಂಟೆಯಲ್ಲಿ ಒಂದು ಮಾರು ದಾರಿಯೂ ಸಾಗಲಿಲ್ಲ. ಹದಿನಾಲ್ಕು ವರ್ಷ ಕಾದದ್ದು ಇದಕ್ಕೇ ಏನು ಎಂದು ಅಳು ಬಂತು.

"ಒಣಾ ಉಸುಕಿನ್ಯಾಗ ಯಾವ ಹೊಲಾ ಹರಗಾಕ ಹತ್ತೀರಿ?"

ತಿರುಗಿ ನೋಡಿದರೆ ಅತ್ತೆ. ಮೊಣಕಾಲವರೆಗೆ ಸೀರೆ ತೊಯ್ದಿತ್ತು. ಕಡಲೇ ಗಂಗವ್ವ ಎಂದು ಅವಳಿಗೆ ಉಡಿ ತುಂಬಲು ಗುಡಿಯಿಂದ ನೇರ ಇಲ್ಲಿಗೆ ಬಂದಿದ್ದರಂತೆ. ಅತ್ತೆ ತೆಂಗಿನಕಾಯಿ, ರವಿಕೆಯ ಖಣ ಬಿಟ್ಟರೆ ತೆರೆ ವಾಪಸು ತಂದು ಎಸೆಯುತ್ತಿತ್ತು. ಅದನ್ನು ಹಿಡಿದು ಮತ್ತೆ ಬಿಡುತ್ತ ತಡಿಯುದ್ದಕ್ಕೂ ಓಡಾಡಿದ್ದರು.

"ಹಸೀ ಉಸುಕು ಗಟ್ಟಿ ಐತಿ. ನಾ ಮುಂಜಾನಿಂದ ಅದರ ಮ್ಯಾಲ ಓಡಾಡಾಕ ಹತ್ತೇನಿ. ಅಲ್ಲಿ ಹೊಡಿ" ಎಂದರು.

ಸೈಕಲ್ ಹಿಡಿದು ಸಿಕ್ಕಿಬಿದ್ದವಳು ನಾನು. ಅತ್ತೆ ನೋಡಿದರೆ ದಾರಿ ಹೇಳುತ್ತಿದ್ದಾರೆ.

"ಸೈಕಲ್ ಬರತೈತಿ ಅಂತ ಯಾಕ ಹೇಳಲಿಲ್ಲ? ಹದಿನಾಕ ವರ್ಷದಿಂದ ಅಂಗಳದಾಗ ನಿನ್ನ ಗಂಡನ ಸೈಕಲ್ ನಿಂತೈತಿ."

"ನೀವು ಬ್ಯಾಡ ಅಂತೀರಂತ, ಅತ್ತಿ."

"ಕೇಳಿದ್ಯೇನ?"

ಕೇಳಿರಲಿಲ್ಲ. ಒಂದು ದಿನವೂ ಕೇಳಿರಲಿಲ್ಲ. ಓಣಿಯ ಮಾತನ್ನು ಅವರ ಬಾಯಿಗಿಟ್ಟು, ಹದಿನಾಲ್ಕು ವರ್ಷ ಅವರ ಮೇಲೆ ಒಳಗೊಳಗೇ ಮುನಿಸಿಕೊಂಡಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಸೈಕಲ್ಲನ್ನು ಹಸಿ ಉಸುಕಿಗೆ ತಂದು ಹತ್ತಿದೆ. ಡಾಂಬರು ರಸ್ತೆಯಂತೆ ಓಡಿತು. ನೀರು ಗಾಲಿಗೆ ತಾಗಿ ಹಿಂದೆ ಸರಿಯಿತು, ಗಾಳಿ ಬೆವರು ಆರಿಸಿತು, ನಾನು ಹುಚ್ಚಿಯಂತೆ ನಕ್ಕೆ. ತಿರುಗಿ ಬಂದಾಗ ಅತ್ತೆ ತೊಯ್ದ ಖಣ ಹಿಡಿದು ಕ್ಯಾರಿಯರ್ ಏರಿ ಕೂತರು.

"ನಡಿ. ಮುಂದ ಎಲ್ಲೆರ ಗಂಗವ್ವ ತಗೋತಾಳೇನ ನೋಡೂಣು."

ಇವರು ಡೈರಿ, ಕಟ್ಟಿಗೆ ಹಿಡಿದು ಒಣ ಉಸುಕಿನಲ್ಲೇ ನಿಂತಿದ್ದರು.

ಊರಿಗೆ ಮರಳಿದ ಮೇಲೆ ಸಂತೆಯ ದಿನ ಬಂತು. ಓಣಿಯ ಹೆಂಗಸರೆಲ್ಲ ಕಟ್ಟೆಯ ಮೇಲೆ ಕೂತಿದ್ದರು. ಅತ್ತೆ ಚೀಲ ಹಿಡಿದು ಅಂಗಳಕ್ಕೆ ಬಂದು, ಎಲ್ಲರಿಗೂ ಕೇಳುವಂತೆ ನನ್ನನ್ನು ಕರೆದರು.

"ನನ್ನ ಕೈಲೆ ನಡಿಯೂದು ಆಗೂದಿಲ್ಲ. ಸೈಕಲ್ ತಗಿ."